ವಾಹನ ಮೊದಲೋ, ಚಾರ್ಜಿಂಗ್ ಕೇಂದ್ರ ಮೊದಲೋ? ದಿವಾನ ಶೇಷಾದ್ರಿ ಅಯ್ಯರ್ ಬಿಡಿಸಿದ ಒಗಟು

ಎಲೆಕ್ಟ್ರಿಕ್ ವಾಹನಗಳು ಹೆಚ್ಚಾದ ಮೇಲೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ತಾವಾಗಿಯೇ ಬರುತ್ತವೆ ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವೇ? ಸೇಡಂನಿಂದ ಚಿಂಚೋಳಿಗೆ ಬಾಡಿಗೆ ಓಡಿಸುವವರು ನಡುದಾರಿಯಲ್ಲಿ ಚಾರ್ಜ್ ಮಾಡುವ ಭರವಸೆಯಿಲ್ಲದೆ ಅಂಥ ವಾಹನ ಕೊಳ್ಳುವುದಿಲ್ಲ. ಕೊಳ್ಳುವವರಿಲ್ಲದೆ ಕೇಂದ್ರಕ್ಕೆ ಯಾರೂ ಹಣ ಹಾಕುವುದಿಲ್ಲ. ಇಂಥದ್ದೇ ಒಗಟನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಬಿಡಿಸಿದವರು ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್. ಆಗ ನಮ್ಮ ಕಲಬುರಗಿ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಆದರೂ ಅವರ ಬದುಕಿನಿಂದ ನಾವು ಕಲಿಯುವುದಿದೆ.

1845ರಲ್ಲಿ ಪಾಲಕ್ಕಾಡ್ ಬಳಿ ಹುಟ್ಟಿದ ಅವರು ಮದ್ರಾಸಿನಲ್ಲಿ ಓದಿ, 1868ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. ರಂಗಾಚಾರ್ಲು ಅವರ ನಂತರ, 1883ರಲ್ಲಿ ದಿವಾನರಾಗಿ 18 ವರ್ಷ ಆಡಳಿತ ನಡೆಸಿದರು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು, ಮಾರಿಕಣಿವೆ ಅಣೆಕಟ್ಟೆಯ ಕೆಲಸ ಶುರುವಾದದ್ದು ಅವರ ಕಾಲದಲ್ಲೇ.

ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಮನೆಗಳಲ್ಲಿ ಬಲ್ಬ್ ಇರಲಿಲ್ಲ. ವಿದ್ಯುತ್ ಕೊಳ್ಳುವವರು ಯಾರು? ಕೋಲಾರದ ಚಿನ್ನದ ಗಣಿಗಳು! ಹಗಲಿರುಳೂ ಯಂತ್ರ ಓಡಿಸುವ ಗಣಿಗಳೊಂದಿಗೆ ಒಪ್ಪಂದ ಮಾಡಿಕೊಂಡರು. ಖಾತ್ರಿಯ ಗಿರಾಕಿ ಸಿಕ್ಕಿದ್ದರಿಂದ ಹಣ ಹೂಡಲು ಧೈರ್ಯ ಬಂತು. ಸುಮಾರು 147 ಕಿ.ಮೀ. ತಂತಿ ಎಳೆಯಲಾಯಿತು. ವೋಲ್ಟೇಜ್ ಏರಿಸಿದರೆ ಅಷ್ಟೇ ಶಕ್ತಿ ಸಾಗಿಸಲು ಕಡಿಮೆ ಕರೆಂಟ್ ಸಾಕು. ಆಗ ತಂತಿ ಬಿಸಿಯಾಗಿ ಆಗುವ ನಷ್ಟವೂ ಇಳಿಯುತ್ತದೆ. ಅಷ್ಟು ದೂರದ ಸಾಗಣೆ ಸಾಧ್ಯವಾದದ್ದು ಹೀಗೆ.

ಇದನ್ನು ನೋಡಲು ಶೇಷಾದ್ರಿ ಅಯ್ಯರ್ ಉಳಿಯಲಿಲ್ಲ. 1901ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಗಣಿಗೆ ವಿದ್ಯುತ್ ತಲುಪಿದ್ದು 1902ರ ಜೂನ್‌ನಲ್ಲಿ.

ಅಂದಹಾಗೆ, ಶಿವನಸಮುದ್ರದ್ದು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂಬ ಮಾತು ತಪ್ಪು. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಕೇಂದ್ರ 1897ರಲ್ಲೇ ಶುರುವಾಗಿತ್ತು.

ಈ ಕತೆಗೆ ಇನ್ನೊಂದು ಮುಖವೂ ಇದೆ. ಬ್ರಿಟಿಷ್ ಕಂಪನಿಗಳ ಗಣಿಗೆ ವಿದ್ಯುತ್ ಮೊದಲು ಹೋಯಿತು. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು 1905ರಲ್ಲಿ. ಹಳ್ಳಿಗಳು ಇನ್ನೂ ಎಷ್ಟೋ ವರ್ಷ ಕಾದವು.

ನಮ್ಮ ಸೀಮೆಯಲ್ಲೂ ಖಾತ್ರಿಯ ಗಿರಾಕಿಗಳು ಸಿಗಬಹುದು: ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಲಾರಿಗಳು, ಶಹಾಬಾದ್ ಕಲ್ಲು ಸಾಗಿಸುವ ವಾಹನಗಳು, ಸರ್ಕಾರಿ ಬಸ್ಸುಗಳು. ಇವುಗಳನ್ನು ನಂಬಿ ಚಾರ್ಜಿಂಗ್ ಕೇಂದ್ರ ಶುರು ಮಾಡಬಹುದು. ಆದರೆ ಅದು ಕಾರ್ಖಾನೆಯ ಗೇಟಿನ ಒಳಗಿದ್ದರೆ ಚಿತ್ತಾಪುರದ ಆಟೋದವರಿಗೆ ಏನೂ ಸಿಗದು. ಗೇಟಿನ ಹೊರಗೆ, ಎಲ್ಲರಿಗೂ ತೆರೆದಿರಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು ಎನ್ನುತ್ತೇವೆ ನಾವು.