ಅಲ್ವಿಸೆ ಕೊರ್ನಾರೊ

ಅಲ್ವಿಸೆ ಕೊರ್ನಾರೊ (ಮರಣ: ಮೇ ೮, ೧೫೬೬, ಪಾದುವಾ) ಇಟಲಿಯ ವೆನಿಸ್ ಗಣರಾಜ್ಯದ ಭೂಮಾಲೀಕ, ಕಲಾಪೋಷಕ ಮತ್ತು ಲೇಖಕ. ಲುಯಿಜಿ ಕೊರ್ನಾರೊ ಎಂಬ ಹೆಸರಿನಿಂದಲೂ ಪರಿಚಿತನಾಗಿದ್ದಾನೆ. ಮಿತಿಮೀರಿದ ಊಟ ಮತ್ತು ಕುಡಿತದಿಂದ ಆರೋಗ್ಯ ಕೆಟ್ಟು ಸಾವಿನ ಅಂಚಿಗೆ ಬಂದ ಈತ, ಸುಮಾರು ನಲವತ್ತನೆಯ ವಯಸ್ಸಿನಲ್ಲಿ ಆಹಾರವನ್ನು ತೂಗಿ ಸೇವಿಸುವ ನಿಯಮವನ್ನು ಕೈಗೊಂಡನು. ಈ ಅನುಭವವನ್ನು ವಿವರಿಸಿ ೧೫೫೮ರಲ್ಲಿ ಪ್ರಕಟಿಸಿದ ಮಿತಜೀವನದ ಕುರಿತ ಪ್ರಬಂಧವು ಯುರೋಪಿನ ಹಲವು ಭಾಷೆಗಳಿಗೆ ಅನುವಾದಗೊಂಡಿದೆ.

ಆರಂಭಿಕ ಜೀವನ

ಕೊರ್ನಾರೊ ವೆನಿಸ್‌ನ ಪ್ರಸಿದ್ಧ ಕೊರ್ನಾರೊ ಮನೆತನಕ್ಕೆ ಸೇರಿದವನೆಂದು ಹೇಳಿಕೊಂಡಿದ್ದನು. ಆದರೆ ಗಣರಾಜ್ಯವು ಅವನ ಕುಲೀನ ಪದವಿಯನ್ನು ಮಾನ್ಯ ಮಾಡಲಿಲ್ಲ. ಪಾದುವಾದಲ್ಲಿದ್ದ ಸೋದರಮಾವನಿಂದ ಆಸ್ತಿ ದೊರೆತ ಮೇಲೆ ಅಲ್ಲಿಯೇ ನೆಲೆಸಿದನು. ಜೌಗು ಭೂಮಿಯ ನೀರನ್ನು ಬಸಿದು ಸಾಗುವಳಿಗೆ ತರುವ ಕೆಲಸದಲ್ಲಿ ಆಸಕ್ತಿ ವಹಿಸಿ ಸಂಪತ್ತನ್ನು ಹೆಚ್ಚಿಸಿಕೊಂಡನು. ಆ ಕಾಲದ ಸಿರಿವಂತರಲ್ಲಿ ಭೂರಿಭೋಜನವು ಘನತೆಯ ಗುರುತಾಗಿತ್ತು. ಮಿತವಾಗಿ ಉಣ್ಣುವವನನ್ನು ಜಿಪುಣನೆಂದು ಕಾಣುತ್ತಿದ್ದರು. ಹೊಟ್ಟೆಬಾಕತನದಿಂದ ತನ್ನ ಹಲವು ಗೆಳೆಯರು ಅಕಾಲದಲ್ಲಿ ತೀರಿಕೊಂಡರೆಂದು ಕೊರ್ನಾರೊ ಬರೆದಿದ್ದಾನೆ.

ಅನಾರೋಗ್ಯ ಮತ್ತು ಆಹಾರ ನಿಯಮ

ಅವನ ಬರಹದ ಪ್ರಕಾರ, ೩೫ರಿಂದ ೪೦ನೆಯ ವಯಸ್ಸಿನವರೆಗೆ ಹೊಟ್ಟೆನೋವು, ಪಕ್ಕೆನೋವು, ಗೌಟ್ ಎಂಬ ಕೀಲುಬೇನೆಯ ಆರಂಭದ ಲಕ್ಷಣಗಳು, ಬಿಡದ ಸಣ್ಣ ಜ್ವರ ಮತ್ತು ತೀರದ ಬಾಯಾರಿಕೆ ಅವನನ್ನು ಕಾಡಿದವು. ಔಷಧಗಳಿಂದ ಪ್ರಯೋಜನವಾಗಲಿಲ್ಲ. ವೈದ್ಯರು ಮೊದಲಿನಿಂದಲೂ ಪಥ್ಯವನ್ನು ಸೂಚಿಸಿದ್ದರು. ಆದರೆ ಕೊರ್ನಾರೊ ತನಗಿಷ್ಟವಾದುದನ್ನು ತಿಂದು, ಅದನ್ನು ವೈದ್ಯರಿಂದ ಮುಚ್ಚಿಡುತ್ತಿದ್ದನು. ಕೊನೆಗೆ, ಕ್ರಮಬದ್ಧ ಮಿತಾಹಾರವೊಂದೇ ಉಳಿದಿರುವ ದಾರಿ, ಕೆಲವು ತಿಂಗಳು ತಡವಾದರೆ ಅದೂ ಫಲಿಸದೆ ಸಾವು ಖಚಿತ ಎಂದು ವೈದ್ಯರು ಎಚ್ಚರಿಸಿದರು. ಆಗ ಅವನು ನಿಯಮಕ್ಕೆ ಬದ್ಧನಾದನು. ಕೆಲವೇ ದಿನಗಳಲ್ಲಿ ಸುಧಾರಣೆ ಕಂಡಿತು. ಒಂದು ವರ್ಷದೊಳಗೆ ರೋಗಗಳೆಲ್ಲ ವಾಸಿಯಾದವು.

ಮುಂದೆ ಅವನು ಒಂದೊಂದು ಆಹಾರವನ್ನೂ ಪರೀಕ್ಷಿಸಿದನು. ನಾಲಿಗೆಗೆ ಹಿಡಿಸಿದ್ದು ದೇಹಕ್ಕೂ ಹಿತವೆಂಬ ರೂಢಿಯ ನಂಬಿಕೆ ತನ್ನ ಮಟ್ಟಿಗೆ ಸುಳ್ಳೆಂದು ಕಂಡುಕೊಂಡನು. ಕರಬೂಜ, ಹಸಿ ತರಕಾರಿ, ಮೀನು, ಹಂದಿಮಾಂಸ, ಹಿಟ್ಟಿನ ಕಡುಬುಗಳು ರುಚಿಸಿದರೂ ಒಗ್ಗದ ಕಾರಣ ಅವನ್ನು ಬಿಟ್ಟನು. ಹಸಿವು ಇನ್ನೂ ಸ್ವಲ್ಪ ಉಳಿದಿರುವಾಗಲೇ ಊಟದಿಂದ ಏಳುವುದು ಅವನ ಕ್ರಮವಾಯಿತು. ಬ್ರೆಡ್, ಮೊಟ್ಟೆಯ ಹಳದಿ, ಮಾಂಸ ಮತ್ತು ಸೂಪ್ ಸೇರಿ ದಿನಕ್ಕೆ ೧೨ ಔನ್ಸ್ ಆಹಾರ ಹಾಗೂ ೧೪ ಔನ್ಸ್ ದ್ರಾಕ್ಷಾರಸದ ಮದ್ಯ ಎಂಬ ಮಿತಿಯನ್ನು ಹಾಕಿಕೊಂಡನು. ವೆನಿಸ್ ಪ್ರದೇಶದಲ್ಲಿ ಆಗ ಹಗುರ ಮತ್ತು ಭಾರ ಎಂಬ ಎರಡು ಬಗೆಯ ತೂಕಗಳಿದ್ದುದರಿಂದ ಈ ಪ್ರಮಾಣವನ್ನು ಇಂದಿನ ಗ್ರಾಂಗಳಿಗೆ ನೇರವಾಗಿ ಪರಿವರ್ತಿಸಲಾಗದು. ಅತಿಯಾದ ಬಿಸಿಲು, ಚಳಿ, ದಣಿವು ಮತ್ತು ನಿದ್ರೆಗೇಡುಗಳಿಂದಲೂ ಅವನು ದೂರವಿದ್ದನು.

ನಿಯಮಕ್ಕೆ ಎದುರಾದ ಪರೀಕ್ಷೆಗಳು

ವೃದ್ಧಾಪ್ಯದ ಎರಡು ಘಟನೆಗಳನ್ನು ಕೊರ್ನಾರೊ ವಿವರವಾಗಿ ದಾಖಲಿಸಿದ್ದಾನೆ. ತನಗೆ ೭೦ ವರ್ಷವಾಗಿದ್ದಾಗ ಕುದುರೆಗಾಡಿ ಮಗುಚಿ ಬಿದ್ದು ಕೈ ಮತ್ತು ಕಾಲಿನ ಕೀಲುಗಳು ತಪ್ಪಿದವು. ಮೂರು ದಿನದೊಳಗೆ ಸಾಯುವನೆಂದು ಭಾವಿಸಿದ ವೈದ್ಯರು ರಕ್ತ ತೆಗೆಯಲು ಮತ್ತು ಭೇದಿ ಮಾಡಿಸಲು ಮುಂದಾದರು. ಅವನು ಎರಡನ್ನೂ ನಿರಾಕರಿಸಿ, ಕೀಲುಗಳನ್ನು ಕೂಡಿಸಿ ಎಣ್ಣೆ ತಿಕ್ಕಿಸಿಕೊಂಡು ಗುಣಮುಖನಾದನು.

ಎರಡನೆಯದು ಅವನ ೭೮ನೆಯ ವಯಸ್ಸಿನದು. ಇಷ್ಟು ಕಡಿಮೆ ಆಹಾರ ಮುದಿದೇಹಕ್ಕೆ ಸಾಲದೆಂದು ಬಂಧುಗಳೂ ವೈದ್ಯರೂ ಒತ್ತಾಯಿಸಿದ್ದರಿಂದ ಆಹಾರವನ್ನು ೧೪ ಔನ್ಸಿಗೂ ಮದ್ಯವನ್ನು ೧೬ ಔನ್ಸಿಗೂ ಏರಿಸಿದನು. ಕೆಲವೇ ದಿನಗಳಲ್ಲಿ ಅವನ ಲವಲವಿಕೆ ಹೋಗಿ ಸಿಡುಕು ಆವರಿಸಿತು. ಹನ್ನೆರಡನೆಯ ದಿನ ತೀವ್ರ ಪಕ್ಕೆನೋವು ಕಾಣಿಸಿಕೊಂಡು, ಬಳಿಕ ೩೫ ದಿನ ಜ್ವರ ಕಾಡಿತು. ಹಳೆಯ ಪ್ರಮಾಣಕ್ಕೆ ಮರಳಿದ್ದರಿಂದಲೇ ತಾನು ಬದುಕಿದೆನೆಂದು ಅವನು ನಂಬಿದ್ದನು.

ಕೃತಿಗಳು ಮತ್ತು ಇತರ ಕೊಡುಗೆಗಳು

೧೫೫೮ರ ಪ್ರಬಂಧದ ನಂತರ ಅದೇ ವಿಷಯವನ್ನು ಕುರಿತು ಇನ್ನೂ ಮೂರು ಬರಹಗಳನ್ನು ರಚಿಸಿದನು. ತನ್ನ ಅಳತೆಯನ್ನೇ ಎಲ್ಲರೂ ಅನುಸರಿಸಬೇಕೆಂದು ಅವನು ವಿಧಿಸಲಿಲ್ಲ. ಪ್ರತಿಯೊಬ್ಬನೂ ತನ್ನ ದೇಹಕ್ಕೆ ಒಗ್ಗುವ ಆಹಾರವನ್ನೂ ಪ್ರಮಾಣವನ್ನೂ ತಾನೇ ಅರಿಯಬೇಕೆಂಬುದು ಅವನ ನಿಲುವು.

ವಾಸ್ತುಶಿಲ್ಪಿ ಜೊವಾನ್ನಿ ಮರಿಯಾ ಫಾಲ್ಕೊನೆತ್ತೊ ಮತ್ತು ನಾಟಕಕಾರ ರುಜಾಂತೆ ಅವನ ಆಶ್ರಯ ಪಡೆದ ಪ್ರಮುಖರು. ಫಾಲ್ಕೊನೆತ್ತೊ ಪಾದುವಾದಲ್ಲಿ ಅವನಿಗಾಗಿ ೧೫೨೪ರಲ್ಲಿ ನಿರ್ಮಿಸಿದ ಲೊಜ್ಜಾ ಕೊರ್ನಾರೊ ಇಂದಿಗೂ ಉಳಿದಿದೆ. ವಾಸ್ತುಶಿಲ್ಪ ಮತ್ತು ವೆನಿಸ್‌ನ ಹಿನ್ನೀರಿನ ರಕ್ಷಣೆಯ ಬಗೆಗೂ ಕೊರ್ನಾರೊ ಬರೆದಿದ್ದಾನೆ. ಚಿತ್ರಕಾರ ತಿಂತೊರೆತ್ತೊ ರಚಿಸಿದ ಅವನ ಭಾವಚಿತ್ರವು ಫ್ಲಾರೆನ್ಸ್‌ನ ಪಿತ್ತಿ ಅರಮನೆಯಲ್ಲಿದೆ.

ವಯಸ್ಸಿನ ವಿವಾದ

ಕೊರ್ನಾರೊ ನೂರು ವರ್ಷದ ಆಸುಪಾಸು ಬದುಕಿದನೆಂಬುದು ಬಹುಕಾಲ ಪ್ರಚಲಿತವಾಗಿದ್ದ ಮಾತು. ಅವನ ಜನನವರ್ಷವನ್ನು ೧೪೬೪, ೧೪೬೭, ೧೪೭೫ ಎಂದು ಬೇರೆ ಬೇರೆಯಾಗಿ ಹೇಳಲಾಗಿದೆ. ಅವನು ಸುಮಾರು ೧೪೮೪ರಲ್ಲಿ ಹುಟ್ಟಿದನೆಂದೂ, ವಯಸ್ಸನ್ನು ಹೆಚ್ಚಿಸಿ ಹೇಳಿಕೊಂಡನೆಂದೂ ಆಧುನಿಕ ಸಂಶೋಧಕರು ಅಭಿಪ್ರಾಯಪಡುತ್ತಾರೆ. ಇದರಂತೆ ಮರಣಕಾಲದಲ್ಲಿ ಅವನಿಗೆ ಸುಮಾರು ೮೨ ವರ್ಷ. ಹದಿನಾರನೆಯ ಶತಮಾನದ ಮಟ್ಟಿಗೆ ಅದೂ ದೀರ್ಘಾಯುಷ್ಯವೇ. ಮೇಲಿನ ಘಟನೆಗಳ ವಯಸ್ಸುಗಳೂ ಅವನೇ ನೀಡಿದ ಲೆಕ್ಕದವು.

ಪ್ರಭಾವ ಮತ್ತು ಟೀಕೆ

ಜೆಸ್ಯೂಟ್ ವಿದ್ವಾಂಸ ಲೆಸಿಯಸ್ ೧೬೧೩ರಲ್ಲಿ ಕೊರ್ನಾರೊನ ಪ್ರಬಂಧವನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ಕವಿ ಜಾರ್ಜ್ ಹರ್ಬರ್ಟ್ ಮಾಡಿದ ಇಂಗ್ಲಿಷ್ ಅನುವಾದ ೧೬೩೪ರಲ್ಲಿ ಹೊರಬಂದಿತು. ಜರ್ಮನ್ ತತ್ತ್ವಜ್ಞಾನಿ ನೀಚೆ ಈ ವಾದವನ್ನು ಟೀಕಿಸಿ, ಕೊರ್ನಾರೊ ಪರಿಣಾಮವನ್ನೇ ಕಾರಣವೆಂದು ಭಾವಿಸಿದನೆಂದು ಹೇಳಿದನು. ಆಹಾರವನ್ನು ನಿಧಾನವಾಗಿ ಬಳಸಿಕೊಳ್ಳುವ ದೇಹಪ್ರಕೃತಿಯಿಂದಾಗಿಯೇ ಅವನಿಗೆ ಅಲ್ಪಾಹಾರ ಒಗ್ಗಿತು ಎಂಬುದು ನೀಚೆಯ ವಾದ. ಒಬ್ಬನೇ ವ್ಯಕ್ತಿಯ ಅನುಭವವು ವೈಜ್ಞಾನಿಕ ಪುರಾವೆಯಾಗದು. ದಿನನಿತ್ಯದ ಮದ್ಯಸೇವನೆಯನ್ನು ಇಂದಿನ ವೈದ್ಯಶಾಸ್ತ್ರವು ಆರೋಗ್ಯಕ್ರಮವೆಂದು ಒಪ್ಪುವುದಿಲ್ಲ. ಹಾಗಿದ್ದರೂ, ರೋಗದ ಎಚ್ಚರಿಕೆಯಿಂದ ಊಟದ ಅಭ್ಯಾಸವನ್ನು ಬದಲಿಸಿ ಆ ಬದಲಾವಣೆಯನ್ನು ದಶಕಗಳ ಕಾಲ ಉಳಿಸಿಕೊಂಡ ವ್ಯಕ್ತಿಯೊಬ್ಬನ ಸ್ವಂತ ದಾಖಲೆಯಾಗಿ ಈ ಪ್ರಬಂಧವು ಮಿತಾಹಾರದ ಇತಿಹಾಸದಲ್ಲಿ ಮಹತ್ವ ಪಡೆದಿದೆ.