ಸಂನ್ಯಾಸಿಯೂ ಗಡಿಯ ಸ್ವಯಂಸೇವಕರೂ



ಅಕ್ಕಲಕೋಟ ರಸ್ತೆ ಎಂಐಡಿಸಿಯ ಮಗ್ಗಗಳಲ್ಲಿ ದುಡಿಯುವ ನಮ್ಮಲ್ಲಿ ಅನೇಕರಿಗೆ ಆ ರಸ್ತೆ ದಿನನಿತ್ಯದ್ದು. 1948ರವರೆಗೆ ಅದೇ ದಿಕ್ಕಿನಲ್ಲಿ ಮುಂದೆ ಹೋದರೆ ಅಕ್ಕಲಕೋಟ ಸಂಸ್ಥಾನ, ಅದರಾಚೆ ನಿಜಾಮರ ಹೈದರಾಬಾದ್ ರಾಜ್ಯ. ಆ ಗಡಿಯ ಕಥೆಯೊಡನೆ ಬೆರೆತ ಹೆಸರು ಸ್ವಾಮಿ ರಾಮಾನಂದ ತೀರ್ಥರದು.

ಅವರು ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಮೊದಲ ಹೆಸರು ವೆಂಕಟೇಶ ಖೇಡಗೀಕರ. ನಮ್ಮ ಸೊಲ್ಲಾಪುರದಲ್ಲಿ ಓದುತ್ತಿದ್ದಾಗಲೇ ಅವರ ಮನಸ್ಸು ದೇಶಸೇವೆಗೆ ತಿರುಗಿತು. ಮುಂದೆ ಕಾರ್ಮಿಕ ಧುರೀಣ ಎನ್. ಎಂ. ಜೋಶಿಯವರ ಜೊತೆ ದುಡಿದರು. ಬಳಿಕ ನಿಜಾಮರ ರಾಜ್ಯದ ಹಿಪ್ಪರಗಾ ಮತ್ತು ಮೋಮಿನಾಬಾದಿನ ಶಾಲೆಗಳಲ್ಲಿ ಶಿಕ್ಷಕರಾದರು, ಸಂನ್ಯಾಸವನ್ನೂ ಸ್ವೀಕರಿಸಿದರು. 1938ರ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು.

1947ರಲ್ಲಿ ನಿಜಾಮರು ಭಾರತ ಸೇರಲು ಒಪ್ಪಲಿಲ್ಲ. ಲಾತೂರಿನ ವಕೀಲ ಕಾಸಿಂ ರಜವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಆಗ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸ್ವಾಮೀಜಿಯವರನ್ನು ಆಗಸ್ಟ್ 15ರಂದು ಬಂಧಿಸಲಾಯಿತು. ನಡುವೆ ಕೆಲಕಾಲ ಹೊರಬಂದರೂ, 1948ರಲ್ಲಿ ಮತ್ತೆ ಸೆರೆಯಾದರು.

ಹೊರಗೆ ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳುಗಳು. ಸೊಲ್ಲಾಪುರ ಜಿಲ್ಲೆಯ ಗಡಿಯಲ್ಲೂ ಶಿಬಿರಗಳಿದ್ದವು. ಶಾಲೆ ಬಿಟ್ಟ ಹುಡುಗರು, ಕೋರ್ಟು ಬಿಟ್ಟ ವಕೀಲರು, ನೇಗಿಲು ಬಿಟ್ಟ ರೈತರು ಬಂದೂಕು ಹಿಡಿಯಲು ಕಲಿತರು. ನಿಜಾಮರ ಕರೋಡಗಿರಿ ನಾಕೆಗಳ ಮೇಲೆ ದಾಳಿ ಮಾಡಿದರು. ಗಾಂಧೀಜಿಯವರ ದಾರಿಯಲ್ಲಿ ನಡೆದ ಸಂನ್ಯಾಸಿಯ ಸಂಸ್ಥೆಯೇ ಹೀಗೆ ಆಯುಧ ಹಿಡಿಯಬೇಕಾಯಿತು. ಅದು ಹಗುರವಾದ ಮಾತಲ್ಲ.

ರಜಾಕಾರ ಎಂಬ ಪದದ ಅರ್ಥವೂ ಸ್ವಯಂಸೇವಕ ಎಂದೇ. ಎರಡೂ ಕಡೆ ನಿಂತವರು ಸಂಬಳದ ಸಿಪಾಯಿಗಳಲ್ಲ, ಊರಿನ ಜನ. ಧರ್ಮ ನೋಡಿ ಪಕ್ಷ ಗುರುತಿಸುವಂತೆಯೂ ಇರಲಿಲ್ಲ: ಭಾರತ ಸೇರಬೇಕೆಂದು ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲೇ ಕೊಂದರು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ನುಗ್ಗಿತು. 17ರಂದು ನಿಜಾಮರು ಶರಣಾದರು. ಸ್ವಾಮೀಜಿ ಬಿಡುಗಡೆಯಾದರು. ಆದರೆ ಹಗೆ ಅಲ್ಲಿಗೆ ನಿಲ್ಲಲಿಲ್ಲ. ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿ ಮುಸ್ಲಿಮರು ಸೇಡಿಗೆ ಬಲಿಯಾದರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು.

ಸ್ವಾಮೀಜಿ 1952ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಆಯ್ಕೆಯಾದರು. ಹೈದರಾಬಾದ್ ರಾಜ್ಯ ಭಾಷೆಗಳಿಗೆ ತಕ್ಕಂತೆ ಹಂಚಿಹೋಗಬೇಕೆಂದು ವಾದಿಸಿದರು. 1956ರಲ್ಲಿ ಹಾಗೆಯೇ ಆಯಿತು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಕನ್ನಡ ನೆಲದಲ್ಲಿ ಹುಟ್ಟಿದ ಅವರ ಹೆಸರನ್ನು ನಾಂದೇಡದ ವಿಶ್ವವಿದ್ಯಾಲಯ ಇಂದಿಗೂ ಹೊತ್ತಿದೆ.

ಊರು ಕಾಯಲು ಎದ್ದವರ ಧೈರ್ಯವನ್ನು ನಾವು ಗೌರವಿಸುತ್ತೇವೆ. ಆಯುಧ ಎತ್ತಿಕೊಳ್ಳುವುದಕ್ಕಿಂತ ಅದನ್ನು ಕೆಳಗಿಡುವುದು ಕಷ್ಟವೆಂಬುದನ್ನೂ ಆ ವರ್ಷ ತೋರಿಸಿಕೊಟ್ಟಿತು. ಅಲ್ಪಸಂಖ್ಯಾತರಾದ ನಾವು ಇದನ್ನು ಮರೆಯಲಾಗದು. ಬರುವ ಸೆಪ್ಟೆಂಬರ್ 17ರಂದು ಮಕ್ಕಳಿಗೆ ಸ್ವಾಮೀಜಿಯ ಕಥೆ ಹೇಳೋಣ. ಗಡಿಯಲ್ಲಿ ಮಡಿದವರಿಗಾಗಿಯೂ ಸೇಡಿಗೆ ಬಲಿಯಾದವರಿಗಾಗಿಯೂ ಒಟ್ಟಿಗೆ ಪ್ರಾರ್ಥಿಸೋಣ.