ಸಾಯುವ ಮೂರು ತಿಂಗಳ ಮೊದಲು ದೊರಾಬ್ಜಿ ಟಾಟಾ ಹಾಕಿದ ಒಂದು ಸಹಿ

ನಮ್ಮ ತಾತ ತೀರಿಕೊಂಡು 19 ವರ್ಷ ಆಯ್ತು. ಅವರು ಬಿಟ್ಟುಹೋದ ಎರಡೂಮುಕ್ಕಾಲು ಎಕರೆ ಜಮೀನಿನ ಕೇಸು ಇನ್ನೂ ನಡೀತಾ ಇದೆ. ತಾತ ವಿಲ್ ಬರೆದಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ, ತಾನು ಸಾಯೋದನ್ನೇ ಎಲ್ಲರೂ ಕಾಯ್ತಿದ್ದಾರೆ ಅಂತ ಸಿಟ್ಟಾಗುತ್ತಿದ್ದರಂತೆ. ಈಗ ಅಪ್ಪ, ದೊಡ್ಡಪ್ಪ ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸ್ತಾರೆ. ಅತ್ತೆಯರಿಬ್ಬರ ಪಾಲಿನ ಮಾತು ಮನೆಯಲ್ಲಿ ಬರಲೇ ಇಲ್ಲ, ಬಂದಿದ್ದು ಕೋರ್ಟಿನಲ್ಲಿ.

ಹೋದ ವರ್ಷ ನಮ್ಮ ವಕೀಲರು ಮಾತಿಗೆ ಮಾತು ಬಂದು, ತಾತ ಬದುಕಿದ್ದಾಗಲೇ ಒಂದು ಟ್ರಸ್ಟ್ ಮಾಡಿದ್ದರೆ ಇಷ್ಟೆಲ್ಲ ಆಗ್ತಾ ಇರಲಿಲ್ಲ ಅಂದರು. ಹಾಗಂದರೇನು ಅಂತ ಹುಡುಕಿದೆ. ಅವತ್ತಿನಿಂದ ನನ್ನ ಫೋನಿನ ತುಂಬ ಲಿವಿಂಗ್ ಟ್ರಸ್ಟಿನ ಜಾಹೀರಾತು. ನಗುತ್ತಿರುವ ಗಂಡ, ಹೆಂಡತಿ, ಎರಡು ಮಕ್ಕಳು, ಹಿಂದೆ ಒಂದು ವಿಲ್ಲಾ. ನಿಮ್ಮ ಸಂಪತ್ತನ್ನು ಕಾಪಾಡಿಕೊಳ್ಳಿ ಅನ್ನೋದೇ ಎಲ್ಲದರ ಸಾರ. ಹೀಗೆ ಓದ್ತಾ ಓದ್ತಾ ನಾನು ಹೋಗಿ ತಲುಪಿದ್ದು 1932ಕ್ಕೆ, ದೊರಾಬ್ಜಿ ಟಾಟಾ ಅನ್ನೋ ಮನುಷ್ಯನ ಹತ್ತಿರ.

ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಇವತ್ತಿಗೂ ಆಟೋದವರಿಗೆ ಗೊತ್ತಾಗುತ್ತೆ. ಅಲ್ಲಿ ಪ್ರತಿಮೆಯಾಗಿ ನಿಂತಿರೋದು ಅಪ್ಪ ಜಮ್‌ಶೆಟ್‌ಜಿ. ದೊಡ್ಡ ಮಗನ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಅಪ್ಪನ ಮಾತು, ಮಕ್ಕಳ ಆಸ್ತಿ

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಬಾಂಬೆಯಲ್ಲಿ. ಓದಿದ್ದು ಕೇಂಬ್ರಿಡ್ಜ್‌ನಲ್ಲಿ ಎರಡು ವರ್ಷ, ಆಮೇಲೆ ಬಾಂಬೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ. 1882ರಲ್ಲಿ ಪದವಿ. ಅದಾದ ಮೇಲೆ ಎರಡು ವರ್ಷ ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಪತ್ರಕರ್ತ. ಕ್ರಿಕೆಟ್, ಟೆನಿಸ್, ಕುದುರೆ ಸವಾರಿ ಅಂದರೆ ಜೀವ. 1884ರಲ್ಲಿ ಅಪ್ಪನ ವ್ಯಾಪಾರಕ್ಕೆ ಬಂದರು.

ಮದುವೆಯಾದಾಗ ಅವರಿಗೆ 38 ವರ್ಷ. ಹುಡುಗಿ ಮೆಹರ್‌ಬಾಯಿ ಭಾಭಾಗೆ 18. ಆಕೆಯ ಅಪ್ಪ ಎಚ್. ಜೆ. ಭಾಭಾ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್. ಅಂದರೆ ಮೆಹರ್‌ಬಾಯಿ ಬೆಳೆದಿದ್ದು ನಮ್ಮ ನೆಲದಲ್ಲೇ. ಸೀರೆ ಉಟ್ಟುಕೊಂಡೇ ಟೆನಿಸ್ ಟೂರ್ನಿ ಆಡುತ್ತಿದ್ದ, ಬಾಲ್ಯವಿವಾಹ ತಡೆ ಕಾಯ್ದೆಯ ಪರವಾಗಿ ದನಿ ಎತ್ತಿದ ಹೆಣ್ಣುಮಗಳು.

1904ರ ಮೇ ತಿಂಗಳಲ್ಲಿ ಜಮ್‌ಶೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು. ವಿಜ್ಞಾನ ಸಂಸ್ಥೆಗೆ ಅಂತ ಬಾಂಬೆಯ ಕಟ್ಟಡ, ಜಮೀನು ಸೇರಿ ಸುಮಾರು 30 ಲಕ್ಷ ರೂಪಾಯಿಯ ಆಸ್ತಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದರು. ಆದರೆ ವೈಸ್‌ರಾಯ್ ಕರ್ಜನ್ ಕಾಲದ ಸರ್ಕಾರ ಅನುಮಾನ ಪಡ್ತಾ, ಪತ್ರ ಬರೀತಾ ವರ್ಷಗಳನ್ನೇ ಕಳೆಯಿತು. ಅಪ್ಪ ಸತ್ತಾಗ ಸಂಸ್ಥೆ ಇನ್ನೂ ಕಾಗದದ ಮೇಲೇ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಕೊಡುವುದಾಗಿ ಹೇಳಿದ ಆಸ್ತಿ ಬೇರೆ, ಕೊಟ್ಟ ಆಸ್ತಿ ಬೇರೆ. ಮಾತು ಕೊಟ್ಟವರು ಹೋದ ಮೇಲೆ ಎಲ್ಲ ಇರೋದು ಉಳಿದವರ ಮನಸ್ಸಿನಲ್ಲಿ. ದೊರಾಬ್ಜಿ ಮತ್ತು ತಮ್ಮ ರತನ್ ಮಾತು ಉಳಿಸಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1909ರಲ್ಲಿ ಸಂಸ್ಥೆ ಕಾನೂನಿನ ಪ್ರಕಾರ ಹುಟ್ಟಿತು. ಇಬ್ಬರಲ್ಲಿ ಒಬ್ಬರು ತಕರಾರು ತೆಗೆದಿದ್ದರೂ ಏನಾಗ್ತಿತ್ತು ಅಂತ ಯೋಚಿಸಿ. ನಮ್ಮ ಎರಡೂಮುಕ್ಕಾಲು ಎಕರೆಗೇ 19 ವರ್ಷ ಆಗಿದೆ.

ಉಕ್ಕು, ವಜ್ರ, ಮತ್ತು ಮುಳುಗಿದ ಊರುಗಳು

ಅಪ್ಪನ ಇನ್ನೆರಡು ಕನಸು ಉಕ್ಕು ಮತ್ತು ವಿದ್ಯುತ್. 1907ರಲ್ಲಿ ಉಕ್ಕಿನ ಕಂಪನಿಯ ಷೇರು ಬಿಟ್ಟಾಗ ಸ್ವದೇಶಿ ಚಳವಳಿಯ ಬಿಸಿ ಇತ್ತು. ಸುಮಾರು 8,000 ಭಾರತೀಯರು ಮೂರೇ ವಾರದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ದುಡ್ಡು ಹಾಕಿದರು. 1912ರಲ್ಲಿ ಸಾಕ್ಚಿಯಲ್ಲಿ ಉಕ್ಕು ಬಂತು. ಅದೇ ಊರು ಮುಂದೆ ಜಮ್‌ಶೆಡ್‌ಪುರ ಆಯ್ತು.

ಯುದ್ಧ ಮುಗಿದ ಮೇಲೆ ಉಕ್ಕಿನ ಬೆಲೆ ಬಿತ್ತು, ವಿಸ್ತರಣೆಯ ಖರ್ಚು ಏರಿತು. 1924ರ ಹೊತ್ತಿಗೆ ಸಂಬಳ ಕೊಡೋಕೂ ಕಾಸಿಲ್ಲದ ಪರಿಸ್ಥಿತಿ. ಆಗ ದೊರಾಬ್ಜಿ ತಮ್ಮ ಸ್ವಂತ ಆಸ್ತಿಯನ್ನೆಲ್ಲ ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಒಂದು ಕೋಟಿ ಸಾಲ ಎತ್ತಿದರು. ಅದರಲ್ಲಿ ಮೆಹರ್‌ಬಾಯಿಯ ಒಡವೆಗಳೂ ಇದ್ದವು, ಜ್ಯೂಬಿಲಿ ಅನ್ನೋ 245 ಕ್ಯಾರೆಟ್‌ನ ವಜ್ರವೂ ಇತ್ತು. ಕೊಹಿನೂರ್‌ನ ಎರಡರಷ್ಟು ದೊಡ್ಡದು. ಕಂಪನಿ ಉಳೀತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಕಣ್ಣೊರೆಸಿಕೊಳ್ಳೋ ವಿಡಿಯೋಗಳು ಬೇಕಾದಷ್ಟಿವೆ. ನಾನು ನಿಲ್ಲಿಸೋದಿಲ್ಲ. ಅದೇ ಜಮ್‌ಶೆಡ್‌ಪುರದಲ್ಲಿ 1920, 1922, 1928ರಲ್ಲಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. 1928ರ ಮುಷ್ಕರದಲ್ಲಿ ಸುಭಾಷ್ ಚಂದ್ರ ಬೋಸ್ ಮಧ್ಯಸ್ಥಿಕೆಗೆ ಬರಬೇಕಾಯ್ತು. ಎಂಟು ಗಂಟೆ ಕೆಲಸವನ್ನು 1912ರಲ್ಲೇ ಜಾರಿಗೆ ತಂದ ಕಂಪನಿ ಅದು ಅನ್ನೋದೂ ನಿಜ, ಕಾರ್ಮಿಕರು ಬೀದಿಗೆ ಬಂದಿದ್ದೂ ನಿಜ. ಇನ್ನು ಪುಣೆ ಹತ್ತಿರದ ಮುಳಶಿಯಲ್ಲಿ ಟಾಟಾ ವಿದ್ಯುತ್ ಯೋಜನೆಯ ಅಣೆಕಟ್ಟಿಗೆ ಭತ್ತದ ಗದ್ದೆಗಳು ಮುಳುಗಿದವು. 1921ರಿಂದ ಅಲ್ಲಿನ ಮಾವಳ ರೈತರು ಸತ್ಯಾಗ್ರಹ ನಡೆಸಿದರು. ಮುಂದಾಳು ಸೇನಾಪತಿ ಬಾಪಟ್ ಜೈಲಿಗೆ ಹೋದರು. ಅಣೆಕಟ್ಟು ಎದ್ದಿತು, ಊರುಗಳು ಹೋದವು. ಆಗ ಟಾಟಾ ಸಂಸ್ಥೆಯ ಯಜಮಾನ ಇದೇ ದೊರಾಬ್ಜಿ. ಆಲಮಟ್ಟಿ, ಶರಾವತಿ ಮುಳುಗಡೆ ನೋಡಿದ ನಮಗೆ ಆ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ಆ ಸಂಪತ್ತು ಎಲ್ಲಿಂದ ಬಂತು ಅನ್ನೋದನ್ನು ಮರೆತು, ಅದು ಎಲ್ಲಿಗೆ ಹೋಯ್ತು ಅಂತ ಮಾತ್ರ ಮಾತಾಡೋದು ಅರ್ಧ ಕಥೆ.

ವಿಲ್ ಅಲ್ಲ, ಟ್ರಸ್ಟ್

ಎಲ್ಲಿಗೆ ಹೋಯ್ತು ಅನ್ನೋದನ್ನೂ ನೋಡಬೇಕಲ್ಲ. ತಮ್ಮ ರತನ್ 1918ರಲ್ಲಿ ತೀರಿಕೊಂಡಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿ ನಡೆಸುತ್ತಿದ್ದ ಹೋರಾಟಕ್ಕೆ, ಗೋಖಲೆಯವರ ಭಾರತ ಸೇವಕ ಸಮಾಜಕ್ಕೆ ದುಡ್ಡು ಕೊಟ್ಟವರು ಅವರು. ಅವರದು ವಿಲ್ ದಾರಿ. ಆ ವಿಲ್‌ನಂತೆ 1919ರಲ್ಲಿ, ಅವರು ಸತ್ತ ಮೇಲೆ, ಟ್ರಸ್ಟ್ ಹುಟ್ಟಿತು.

1931ರ ಜೂನ್‌ನಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ಹೋದರು. ಇಂಗ್ಲೆಂಡಿನ ಬ್ರುಕ್‌ವುಡ್‌ನಲ್ಲಿ ಅವರ ಸಮಾಧಿ. ಮಕ್ಕಳಿರಲಿಲ್ಲ. ದೊರಾಬ್ಜಿಗೆ 72 ವರ್ಷ, ಆರೋಗ್ಯ ಕೈಕೊಟ್ಟಿತ್ತು. ಅವರು ಹಿಡಿದದ್ದು ಬೇರೆ ದಾರಿ. 1932ರ ಮಾರ್ಚ್ 11ರಂದು, ಬದುಕಿದ್ದಾಗಲೇ, ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದರು. ಟಾಟಾ ಸನ್ಸ್‌ನ ಷೇರು, ಜಮೀನು, ಹೆಂಡತಿಯ 21 ಒಡವೆ ಸೇರಿ ಆ ಕಾಲದ ಸುಮಾರು ಒಂದು ಕೋಟಿ ರೂಪಾಯಿ ಅದರೊಳಗೆ ಹೋಯ್ತು. ವಿದ್ಯೆ, ಸಂಶೋಧನೆ, ಕಷ್ಟದಲ್ಲಿರುವವರಿಗೆ ನೆರವು, ಊರು ದೇಶ ಧರ್ಮ ನೋಡದೆ: ಅಷ್ಟೇ ಷರತ್ತು. ರಕ್ತದ ಕ್ಯಾನ್ಸರ್ ಸಂಶೋಧನೆಗೆ ಹೆಂಡತಿಯ ಹೆಸರಲ್ಲಿ ಇನ್ನೊಂದು ಟ್ರಸ್ಟ್ ಮಾಡಿದರು. ಆಮೇಲೆ ಆಕೆಯ ಸಮಾಧಿ ನೋಡೋಕೆ ಅಂತ ಯುರೋಪಿಗೆ ಹಡಗು ಹತ್ತಿದರು. ಅಲ್ಲಿಗೆ ಮುಟ್ಟಲಿಲ್ಲ. ಜೂನ್ 3ರಂದು ಜರ್ಮನಿಯ ಬಾಡ್ ಕಿಸ್ಸಿಂಗನ್‌ನಲ್ಲಿ ತೀರಿಕೊಂಡರು. ಈಗ ಇಬ್ಬರೂ ಬ್ರುಕ್‌ವುಡ್‌ನಲ್ಲೇ ಇದ್ದಾರೆ.

ವಿಲ್‌ಗೂ ಇದಕ್ಕೂ ಏನು ವ್ಯತ್ಯಾಸ? ವಿಲ್ ಅನ್ನೋದು ಬರೆದವರು ಸತ್ತ ಮೇಲೆ ಏಳುವ ಕಾಗದ. ಅಲ್ಲೀತನಕ ಆಸ್ತಿ ಅವರದ್ದೇ, ಬೇಕಾದಾಗ ಹರಿದು ಹಾಕಬಹುದು. ಟ್ರಸ್ಟಿನಲ್ಲಿ ಮೂರು ಪಾತ್ರ: ಆಸ್ತಿ ಒಪ್ಪಿಸುವವರು, ಅದನ್ನು ನೋಡಿಕೊಳ್ಳುವ ಟ್ರಸ್ಟಿ, ಫಲ ಉಣ್ಣುವ ಫಲಾನುಭವಿ. ಬದುಕಿದ್ದಾಗಲೇ ಆಸ್ತಿ ಟ್ರಸ್ಟಿಯ ಹೆಸರಿಗೆ ಹೋಗಬೇಕು. ಜಮೀನು, ಮನೆಯಾದರೆ ಪತ್ರ ನೋಂದಣಿ ಆಗಬೇಕು. ಹಾಗೆ ಹೋದ ಆಸ್ತಿ ಸತ್ತವರ ಆಸ್ತಿಯಲ್ಲ, ಹಾಗಾಗಿ ಹಂಚಿಕೆಯ ಜಗಳಕ್ಕೆ ಸುಲಭಕ್ಕೆ ಸಿಗಲ್ಲ. ಖಾಸಗಿ ಟ್ರಸ್ಟಿಗೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇದೆ. ಅದರಲ್ಲಿ ವಾಪಸ್ ಪಡೆಯುವ ಅಧಿಕಾರವನ್ನು ಪತ್ರದಲ್ಲೇ ಇಟ್ಟುಕೊಳ್ಳಬಹುದು. ಆದರೆ ಹಗ್ಗ ಕೈಯಲ್ಲೇ ಇಟ್ಟುಕೊಂಡರೆ ಆದಾಯದ ತೆರಿಗೆಯೂ ನಿಮ್ಮ ತಲೆ ಮೇಲೇ. ದೊರಾಬ್ಜಿ ಮಾಡಿದಂಥ ಸಾರ್ವಜನಿಕ ದತ್ತಿಯಲ್ಲಿ ಸಾಮಾನ್ಯವಾಗಿ ವಾಪಸ್ ಅನ್ನೋ ಮಾತೇ ಇಲ್ಲ.

ಅಪ್ಪನ ಮಾತು ಐದು ವರ್ಷ ಗಾಳಿಯಲ್ಲಿ ತೂಗಾಡಿದ್ದನ್ನು ಕಂಡ ಮಗ, ತನ್ನದನ್ನು ಹಾಗೆ ತೂಗಾಡೋಕೆ ಬಿಡಲಿಲ್ಲ ಅನ್ನೋದು ನನ್ನ ಊಹೆ.

ಯಾರ ಹೆಸರು ಬರೀತೀವಿ

ಆಮೇಲೆ ಏನಾಯ್ತು? 1936ರಲ್ಲಿ ಬಾಂಬೆಯಲ್ಲಿ ಸಮಾಜಕಾರ್ಯದ ಶಾಲೆ ಶುರುವಾಯ್ತು, ಇವತ್ತಿನ ಟಿಸ್ ಅದೇ. 1941ರಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ. ಜ್ಯೂಬಿಲಿ ವಜ್ರವನ್ನು ಮಾರಿ ಬಂದ ದುಡ್ಡೂ ಟ್ರಸ್ಟಿಗೇ ಹೋಗಿತ್ತು. 1944ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ, ಅಂದರೆ ಮೆಹರ್‌ಬಾಯಿಯ ಸಹೋದರನ ಮಗ, ಇದೇ ಟ್ರಸ್ಟಿಗೆ ಪತ್ರ ಬರೆದರು. ಮರುವರ್ಷ ಟಿಐಎಫ್‌ಆರ್ ಹುಟ್ಟಿತು, ಶುರುವಾಗಿದ್ದು ಬೆಂಗಳೂರಿನಲ್ಲೇ. ದೊರಾಬ್ಜಿ ಇದ್ಯಾವುದನ್ನೂ ನೋಡಲಿಲ್ಲ. ಪತ್ರದಲ್ಲಿ ಆಸ್ಪತ್ರೆ, ಪ್ರಯೋಗಾಲಯ ಅಂತ ಕಟ್ಟಿಹಾಕದೆ ಬಾಗಿಲು ಅಗಲವಾಗಿ ಬಿಟ್ಟಿದ್ದರು, ಅಷ್ಟೇ.

ಹಾಗಂತ ಇದು ದೇವರ ಕಥೆಯೂ ಅಲ್ಲ. ಇವತ್ತು ಟಾಟಾ ಸನ್ಸ್‌ನ ಸುಮಾರು 66% ಷೇರು ಟಾಟಾ ಟ್ರಸ್ಟ್‌ಗಳ ಕೈಲಿದೆ. ದಾನದ ಜೊತೆಗೆ ಅದು ದೊಡ್ಡ ಅಧಿಕಾರ ಕೂಡ. ಟ್ರಸ್ಟಿಗಳನ್ನು ನಾವ್ಯಾರೂ ಓಟು ಹಾಕಿ ಆರಿಸಿಲ್ಲ. ಅವರ ಒಳಜಗಳ ಪತ್ರಿಕೆಯಲ್ಲಿ ಓದೋದಷ್ಟೇ ನಮ್ಮ ಪಾಲು. ಮುಳಶಿಯ ರೈತನಿಗೆ ಬಾಂಬೆಯ ಆಸ್ಪತ್ರೆ ಪರಿಹಾರ ಅಲ್ಲ. ಶ್ರೀಮಂತರ ಒಳ್ಳೆಯತನ ತೆರಿಗೆಯ ಜಾಗದಲ್ಲಿ ಕೂರೋಕೆ ಆಗಲ್ಲ. ನಮ್ಮ ದೇಶದಲ್ಲಿ ಸತ್ತವರ ಆಸ್ತಿ ಮೇಲೆ 1953ರಲ್ಲಿ ಬಂದ ಎಸ್ಟೇಟ್ ತೆರಿಗೆ 1985ರಲ್ಲಿ ಹೋಯ್ತು. ಅದು ಮತ್ತೆ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಅದರ ಮಾತೆತ್ತಿದರೆ ಸಾಕು, ಎರಡೆಕರೆ ಇರೋರನ್ನೂ ಹೆದರಿಸಿ ಗಲಾಟೆ ಎಬ್ಬಿಸ್ತಾರೆ.

ಆದರೂ ನನ್ನ ಫೋನಿನ ಜಾಹೀರಾತಿಗೂ 1932ರ ಆ ಸಹಿಗೂ ಇರುವ ದೂರ ನನ್ನನ್ನು ಬಿಡ್ತಾ ಇಲ್ಲ. ಕಾನೂನಿನ ಸಾಧನ ಹೆಚ್ಚುಕಡಿಮೆ ಒಂದೇ. ಜಾಹೀರಾತಿನವರು ಫಲಾನುಭವಿಯ ಜಾಗದಲ್ಲಿ ಮಗ, ಮೊಮ್ಮಗ ಅಂತ ಬರೆಸ್ತಾರೆ. ದೊರಾಬ್ಜಿ ಅಲ್ಲಿ ತಾನು ಎಂದೂ ನೋಡದ, ಇನ್ನೂ ಹುಟ್ಟದ ಜನರನ್ನು ಬರೆದರು. ಮಕ್ಕಳಿರಲಿಲ್ಲವಲ್ಲ, ಅದಕ್ಕೆ ಅಂತ ನೀವು ಹೇಳಬಹುದು. ಆದರೆ ಅಣ್ಣತಮ್ಮಂದಿರ ಮಕ್ಕಳಿಗೆ, ದಾಯಾದಿಗಳಿಗೆ ಎಲ್ಲವನ್ನೂ ಬರೆದಿಟ್ಟು ಹೋದ ಮಕ್ಕಳಿಲ್ಲದವರನ್ನೂ ನಾವು ಬೇಕಾದಷ್ಟು ನೋಡಿದ್ದೀವಿ.

ಕಳೆದ ತಿಂಗಳು ಅಪ್ಪನ ಹತ್ತಿರ ಮಾತೆತ್ತಿದೆ. ಕೇಸು ಮುಗಿದರೆ ನಮಗೆ ಮುಕ್ಕಾಲು ಎಕರೆಯೂ ಬರಲ್ಲ. ಬಂದಷ್ಟನ್ನು ಏನು ಮಾಡೋದು ಅಂತ ಈಗಲೇ ಬರೆದಿಡೋಣ, ಅಕ್ಕನಿಗೂ ಸಮ ಪಾಲು ಇರಲಿ ಅಂದೆ. ತಾತನ ಹಾಗೆ ಸಿಟ್ಟಾಗ್ತಾರೆ ಅಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ವಕೀಲರ ನಂಬರ್ ಕೇಳಿದರು. ದೊಡ್ಡಪ್ಪನಿಗೂ ಒಂದು ಫೋನ್ ಮಾಡೋಣವಾ ಅಂತ ಕೇಳಿದ್ದು ನಾನಲ್ಲ, ಅಪ್ಪನೇ.